ಗುಳ್ಳೆ ಊದಿದ ಮೇಡಂ

ಸೋಪಿನ ನೀರಿನ ವಾಸನೆ ಬಂದರೆ ಈಗಲೂ ರಾಮನಗರದ ಆ ಸ್ಪೀಚ್ ಥೆರಪಿ ಮೇಡಂ ನೆನಪಾಗಿ ಮನಸ್ಸು ತುಂಬಿ ಬರುತ್ತದೆ.

ಆಟಿಸಂ ಇದ್ದ ನನ್ನ ತಮ್ಮನಿಗೆ ಮಾತು ಬಂದಿರಲಿಲ್ಲ. ಥೆರಪಿ ಶುರು ಮಾಡುವ ಮುಂಚೆ ಅವನಿಗೆ ಏನೇನು ಬರುತ್ತದೆಂದು ನೋಡಲು ಮೇಡಂ ಚಾಪೆಯ ಮೇಲೆ ಕೂತು ಗುಳ್ಳೆ ಊದಿದರು. ತನ್ನ ರೆಪ್ಪೆಯ ಮೇಲೆ ಒಂದು ಗುಳ್ಳೆ ಒಡೆದಾಗ ಅವನು ಕಿಲಕಿಲ ನಕ್ಕ. ಅವರು ಸೋಪಿನ ನೀರಿನ ಡಬ್ಬಿ ಮುಚ್ಚಿ ಸುಮ್ಮನೆ ಕಾದರು. ತಮ್ಮ ಅವರ ಕೈ ಹಿಡಿದು ಡಬ್ಬಿಯ ಮೇಲಿಟ್ಟ.

"ಮನೇಲೂ ಹಿಂಗೇಯ, ಕೈ ಹಿಡ್ಕಂಡು ಎಳೀತಾನೆ. ಬಾಯ್ಬುಟ್ಟು ಒಂದೂ ಕೇಳಾಕಿಲ್ಲ ಮೇಡಂ," ಎಂದು ಅವ್ವ ತಲೆ ತಗ್ಗಿಸಿದಳು.

"ಇದೂ ಕೇಳೋದೇ ಅಲ್ವೇನಮ್ಮಾ? ಇಲ್ಲಿಂದಲೇ ಶುರು ಮಾಡೋಣ," ಎಂದರು ಮೇಡಂ.

ವಾಪಸ್ ಬರುವಾಗ ಮಾಗಡಿ ಬಸ್ಸಿನಲ್ಲಿ ತಮ್ಮ ಮುಚ್ಚಿದ್ದ ಕಿಟಕಿಯತ್ತ ಅವ್ವನ ಕೈ ಹಿಡಿದು ಎಳೆದ. ಬೇರೆ ದಿನವಾಗಿದ್ದರೆ ಅವಳು ಗದರುತ್ತಿದ್ದಳು. ಅಂದು, "ಗಾಳಿ ಬೇಕೇನಪ್ಪ? ಕೇಳ್ದಲ್ಲ ನನ್ ಮಗ, ತಗೀತೀನಿ ತಡಿ," ಎಂದು ಎದ್ದು ನಿಂತಳು.