ಪಾರ್ಕ್ ನಂಬರ್ ಹನ್ನೊಂದು

"ಈ ಹಸಿರು ಬಣ್ಣದ್ದು ಏನ್ರಿ ಮೇಡಂ?" ಯೋಜನಾ ಕಚೇರಿಯ ಗೋಡೆಗೆ ಅಂಟಿಸಿದ್ದ ಶಹಾಪುರದ ಹೊಸ ನಕ್ಷೆಯ ಮೇಲೆ ಬೆರಳಿಟ್ಟು ಮೈನುದ್ದೀನ ಚಾಚಾ ಕೇಳಿದರು. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

"ಪಾರ್ಕ್ ನಂಬರ್ ಹನ್ನೊಂದು," ಎಂದಳು ಮಸರತ. ಬೆಳಗಿನಿಂದ ಇದೇ ಕೆಲಸ. ಬಂದವರ ಆಕ್ಷೇಪಣೆ ಕೇಳುವುದು, ಬರೆದುಕೊಳ್ಳುವುದು. "ಮುಂದಿನ ಇಪ್ಪತ್ತು ವರ್ಷಕ್ಕ ಊರು ಹೆಂಗ ಬೆಳೀಬೇಕು ಅನ್ನೋ ನಕ್ಷಾ ಇದು. ಆ ಜಾಗಾ ಖಾಲಿ ಬಿದ್ದದಲ್ರಿ, ಗಿಡ ಹಚ್ಚಿ, ಮಂದಿ ಅಡ್ಡಾಡಾಕ ದಾರಿ ಮಾಡ್ತಾರ."

"ಖಾಲಿ ಎಲ್ಲದ? ತೊಂಬತ್ತೆರಡು ಮಂದಿ ಮಲಗ್ಯಾರ ಅಲ್ಲಿ. ಎಲ್ಲಾರ ಗುಣಿನೂ ನಾನೇ ತೋಡೀನಿ."

ಮಸರತಳ ಪೆನ್ನು ನಿಂತಿತು. ಉಪಗ್ರಹದ ಚಿತ್ರ ನೋಡಿ ಆ ತುಂಡಿಗೆ ಹಸಿರು ತುಂಬಿದವಳು ಅವಳೇ. ಕಲ್ಲಿಲ್ಲ, ಕಟ್ಟೆಯಿಲ್ಲ, ಬರೀ ಮಣ್ಣು ಮುಚ್ಚಿದ ಗೋರಿ ಎರಡು ಮಳೆಗಾಲ ಕಳೆದರೆ ನೆಲಕ್ಕೆ ನೆಲವಾಗಿಬಿಡುತ್ತದೆ. ಆಕಾಶದಿಂದ ನೋಡುವ ಯಂತ್ರಕ್ಕೆ ಅದೇನು ಗೊತ್ತಾಗಬೇಕು? ಸ್ಥಳ ಪರಿಶೀಲನೆಗೆಂದು ಆ ರಸ್ತೆಯಲ್ಲಿ ಸ್ಕೂಟಿಯ ಮೇಲೆ ಹೋಗಿದ್ದಳು ನಿಜ. ಜಾಲಿಮುಳ್ಳು ನೋಡಿ ಹಾಗೇ ಮುಂದೆ ಹೋಗಿದ್ದಳು.

"ಖಬರಸ್ತಾನ ದರ್ಗಾದ ಹಿಂದ ಅದಲ್ರಿ ಚಾಚಾ. ಅದನ್ನ ನಕ್ಷಾದಾಗ ತೋರ್ಸೀನಿ."

"ಅದು ತುಂಬಿ ಆರು ವರ್ಷ ಆತು. ಆಮ್ಯಾಲಿನವ್ರೆಲ್ಲ ಇಲ್ಲೇ." ಅವರು ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿದರು. "ನೀ ಗಾದಿ ಹೊಲಿಯೋ ಲಾಡ್ಲೇಸಾಬನ ಮಗಳಲ್ಲೇನು? ನಿಮ್ಮ ಅಬ್ಬಾನೂ ಇಲ್ಲೇ ಅದಾನ, ಬೇಟಿ."

ಅಬ್ಬಾ ತೀರಿಕೊಂಡಾಗ ಅವಳು ಭೋಪಾಲದಲ್ಲಿ ಪರಿಸರ ಯೋಜನೆಯ ಎಂ.ಪ್ಲಾನ್ ಕೊನೆಯ ವರ್ಷದಲ್ಲಿದ್ದಳು. ಅದೆಂಥ ಓದು ಎಂದು ಓಣಿಯವರಿಗೆ ಇವತ್ತಿಗೂ ತಿಳಿದಿಲ್ಲ. ಡಾಕ್ಟರಲ್ಲ, ಟೀಚರಲ್ಲ, ಇಂಜಿನಿಯರ್ ಅಂದರೆ ಅದೂ ಪೂರ್ತಿ ಅಲ್ಲ. ಕೇಳಿದವರಿಗೆಲ್ಲ ಅಬ್ಬಾ ಸೂಜಿಯಲ್ಲಿ ದಾರ ಪೋಣಿಸುತ್ತಲೇ, "ಊರು ಹೆಂಗ ಇರಬೇಕಂತ ಹೇಳೋ ಓದು" ಎನ್ನುತ್ತಿದ್ದ. ಅವಳು ಯಾದಗಿರಿಯಲ್ಲಿ ರೈಲಿಳಿದು, ಬಸ್ಸು ಹಿಡಿದು ಬರುವಷ್ಟರಲ್ಲಿ ದಫನ್ ಮುಗಿದಿತ್ತು. ಮೊದಲೇ ಬಂದಿದ್ದರೂ ಅಷ್ಟೇ, ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಎಲ್ಲಿ ಮಣ್ಣು ಮಾಡಿದರೆಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ದರ್ಗಾದ ಹಿಂದೆ ಎಂದುಕೊಂಡೇ ನಾಲ್ಕು ವರ್ಷ ಕಳೆದಿದ್ದಳು. ಭೀಮರಾಯನಗುಡಿಯ ಕಾಲುವೆಯಿಂದ ದೋರನಹಳ್ಳಿ ರಸ್ತೆಯವರೆಗೆ ಗುಂಟೆ ಗುಂಟೆಯ ಲೆಕ್ಕ ಹೇಳಬಲ್ಲವಳು! ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಮ್ಮಿಗೆ ಫೋನ್ ಮಾಡಲು ಹೊರಟು ಅರ್ಧಕ್ಕೇ ನಿಲ್ಲಿಸಿದಳು. ಏನಂತ ಹೇಳುವುದು? ಅಬ್ಬಾನ ಮೇಲೆ ವಾಕಿಂಗ್ ದಾರಿ ಎಳೆದಿದ್ದೇನೆ ಅಂತಲೇ? ಈ ಸಂಕಟ ಹೇಳಿಕೊಳ್ಳಲು ಅವಳಿಗೆ ಇಡೀ ಊರಿನಲ್ಲಿ ಒಂದು ಕಿವಿ ಇರಲಿಲ್ಲ. ಆಕ್ಷೇಪಣೆಗೆ ಇವತ್ತೇ ಕೊನೆಯ ದಿನ, ಸಂಜೆ ಐದರ ತನಕ. ಒಂದೊಂದು ಗೋರಿಯೂ ಎಲ್ಲಿದೆಯೆಂದು ಗುರುತು ಹಾಕಿ ಕಳಿಸದಿದ್ದರೆ ಬೆಂಗಳೂರಿನ ಮೇಲಿನವರು ಹಸಿರು ಅಳಿಸುವುದಿಲ್ಲ. ಕಚೇರಿಯಲ್ಲಿ ಜೊತೆಗಿದ್ದ ಶಿವಶರಣ ಮೀಟಿಂಗ್ ಎಂದು ಯಾದಗಿರಿಗೆ ಹೋಗಿದ್ದ. ಅವಳೇ ಟ್ಯಾಬ್ ಎತ್ತಿಕೊಂಡು ಚಾಚಾರ ಜೊತೆ ಹೊರಟಳು.

ಮುಳ್ಳುಬೇಲಿಯ ಬಳಿ ಬಂದಾಗ ಕಾಲು ಮುಂದಕ್ಕೆ ಬರಲಿಲ್ಲ. ಕಲ್ಲು ಕ್ವಾರಿಗೆ ಇಳಿದವಳು, ಊರ ಗಟಾರುಗಳನ್ನೆಲ್ಲ ಅಳೆದವಳು.

"ನಾ ಬರಬಹುದೇನ್ರಿ ಚಾಚಾ?"

ಅವರು ಬೇಲಿಯ ಮುಳ್ಳನ್ನು ಪಕ್ಕಕ್ಕೆ ಸರಿಸಿದರು. "ಆಫೀಸರಾಗಿ ಬರ್ತೀನಂದ್ರ ಬಾ, ಯಾರೂ ಬ್ಯಾಡ ಅನ್ನಂಗಿಲ್ಲ. ಮಗಳಾಗಿ ಬರೋದಾದ್ರ ನಿಮ್ಮ ಅಮ್ಮಿಗೊಂದು ಮಾತು ಕೇಳು."

ಹೊರಗೆ ಆಫೀಸರಾಗಿರುವುದು ಸುಲಭ. ಒಳಗೆ ಹೋದ ಮೇಲೆ ತಾನು ಆಫೀಸರಾಗಿ ಉಳಿಯುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಚೇರಿಯ ಫೋನನ್ನು ಚಾಚಾರ ಕೈಗಿಟ್ಟು, ಯಾವ ಗುಂಡಿ ಒತ್ತಬೇಕೆಂದು ಎರಡು ಸಲ ಹೇಳಿಕೊಟ್ಟಳು. ತಾನು ಹೊರಗೆ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಟ್ಯಾಬ್ ತೆರೆದು, ತನ್ನ ಫೋನಿನಿಂದ ಅವರಿಗೆ ಕರೆ ಮಾಡಿ ಕಿವಿಗಿಟ್ಟಳು.

ಚಾಚಾ ಜಾಲಿಗಿಡಗಳ ಹಿಂದೆ ಮರೆಯಾದರು. ಪರದೆಯ ಮೇಲೆ ಅವರೊಂದು ನೀಲಿ ಚುಕ್ಕಿಯಾಗಿ ನಡೆಯತೊಡಗಿದರು. ನಿಂತಲ್ಲಿ ಒತ್ತುತ್ತಿದ್ದರು, ಹಸಿರಿನ ನಡುವೆ ಒಂದು ಕೆಂಪು ಗುರುತು ಬೀಳುತ್ತಿತ್ತು.

"ಇದು ಬಳೆಗಾರ್ತಿ ಮೆಹಬೂಬಿ. ಇದು ಅಕೀ ಸೊಸಿ. ಇದು ಹೆಸರಿಡೋಕಿಂತ ಮೊದ್ಲೇ ಹೋದ ಕೂಸು, ಇದಕ್ಕೇನು ಬರೀತಿ?"

"ಗುರುತು ಹಾಕ್ರಿ, ಸಾಕು."

ಬಿಸಿಲು ನೆತ್ತಿ ಸುಡುತ್ತಿತ್ತು. ಎಪ್ಪತ್ತೋ ಎಪ್ಪತ್ತೊಂದೋ ಗುರುತು ಆಗಿರಬೇಕು, ಚುಕ್ಕಿ ಮೂಲೆಯ ಕಡೆ ತಿರುಗಿ ನಿಂತಿತು.

"ಇದು ಲಾಡ್ಲೇಂದು," ಎಂದರು ಚಾಚಾ.

ಕೆಂಪು ಗುರುತು ಬಿತ್ತು. ಮುಟ್ಟಿದರೆ ನಕ್ಷೆ ಸರಿದುಹೋದೀತೆಂದು ಮಸರತ ಬೆರಳನ್ನು ಅದರ ಮೇಲೆ ಎತ್ತಿಯೇ ಹಿಡಿದಳು. ಅತ್ತರೆ ಅವರಿಗೆ ಕೇಳೀತೆಂದು ಓಢಣಿ ಬಾಯಿಗೊತ್ತಿಕೊಂಡಳು.

"ಒತ್ತೀನಿ ಬೇಟಿ. ಮುಂದಿಂದಕ್ಕ ಹೋಗ್ಲೇನು? ಐದಕ್ಕ ಕೊಡಬೇಕಂದಿ."

"ಇನ್ನೊಂದೀಟು ಅಲ್ಲೇ ನಿಂದರ್ರಿ ಚಾಚಾ."

ನೀಲಿ ಚುಕ್ಕಿ ಕದಲಲಿಲ್ಲ.