ಕಾಣುವಂಥ ಫೋಟೊ

ಹುಟ್ಟಿನಿಂದ ಕಿವಿ ಕೇಳದ ಮಗಳು ನೀಲವೇಣಿಯ ಕಾಲೇಜು ವಿದ್ಯಾರ್ಥಿವೇತನಕ್ಕೆಂದು ರುಕ್ಕಮ್ಮ ಕಚೇರಿಗೆ ಬಂದಿದ್ದಳು. ಅರ್ಜಿಗೆ ಅಂಟಿಸಿದ್ದ ಫೋಟೊ ನೋಡಿ ಗುಮಾಸ್ತ ಮೂಗು ಮುರಿದ.

“ಬರೀ ಮುಖ ಇದ್ರೆ ಆಗಲ್ಲಮ್ಮ. ಅಂಗವೈಕಲ್ಯ ಕಾಣೋ ಹಾಗೆ ತೆಗೆಸ್ಕೊಂಡು ಬನ್ನಿ.”

“ಕಿವುಡು ಫೋಟೊದಾಗೆ ಹೆಂಗೆ ಕಾಣ್ತದೆ ಸ್ವಾಮಿ?”

“ಅದು ನಂಗೊತ್ತಿಲ್ಲ. ಕಾಣ್ಬೇಕು, ಅಷ್ಟೇ. ನಾಳೆನೇ ಕೊನೇ ದಿನ.”

ರುಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅರ್ಜಿ ಎತ್ತಿಕೊಂಡು ಎದ್ದು ಹೋದಳು.

ಮರುದಿನ ಬಾಗಿಲು ತೆರೆಯುವ ಮೊದಲೇ ಬಂದು ಕಾದಿದ್ದು, ಹೊಸ ಫೋಟೊ ಮೇಜಿನ ಮೇಲಿಟ್ಟಳು.

“ಈಗ ಕಾಣ್ತದಾ ನೋಡಿ ಸ್ವಾಮಿ.”

ಗುಮಾಸ್ತ ಕನ್ನಡಕ ಏರಿಸಿದ. ಫೋಟೊದಲ್ಲಿ ಪಟಾಕಿ ಸರ ಸಿಡಿಯುತ್ತಿತ್ತು. ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡು ಓಡುತ್ತಿದ್ದರು. ಪಟಾಕಿಗೆ ಬೆನ್ನು ಹಾಕಿ ಕೂತ ನೀಲವೇಣಿ ನಿರಾತಂಕವಾಗಿ ಕಡಲೆಕಾಯಿ ಸುಲಿಯುತ್ತಿದ್ದಳು.