ಒಂಟಿ ಚಪ್ಪಲಿ

ಬೆಳಗ್ಗೆ ಕಣ್ಣು ಬಿಟ್ಟಾಗ ಮಾರೆಕ್‌ನ ಹೊದಿಕೆಯ ಮೇಲೆ ಬಿದ್ದಿದ್ದ ಒಂಟಿ ಚಪ್ಪಲಿ ಅವನದಾಗಿರಲಿಲ್ಲ. ಅದರ ಜೋಡಿ ಎದುರಿನ ಮಂಚದ ಕೆಳಗೆ, ಡಾರಿಯೊ ಎಂಬ ಇಟಲಿಯ ಹುಡುಗನ ಬೆನ್ನುಚೀಲದ ಪಕ್ಕದಲ್ಲಿತ್ತು.

ಮಾರೆಕ್ ತಲೆಯೆತ್ತಿ ನೋಡಿದ. ಅವನದು ಎರಡಂತಸ್ತಿನ ಮಂಚದ ಕೆಳಹಾಸಿಗೆ. ಮೇಲೆ ಮಲಗುವವಳು ಸಿಮೋನಾ, ಅವನ ಹುಡುಗಿ. ಮೇಲೆ ಹತ್ತುವ ಏಣಿ ಇದ್ದದ್ದು ಅವನ ಕಾಲಬಳಿಯೇ. ರಾತ್ರಿ ಯಾರು ಹತ್ತಿದರೋ, ಯಾರು ಇಳಿದರೋ, ಅವನಿಗೇನು ಗೊತ್ತು? ದಿಂಬಿಗೆ ತಲೆ ಕೊಟ್ಟರೆ ಪ್ರಳಯವಾದರೂ ಏಳುವ ಆಸಾಮಿಯಲ್ಲ.

ತಮ್ಮೂರು ಬ್ರನೊದಿಂದ ಹೊರಟಾಗ ಹೀಗಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬೇಸಿಗೆ ರಜೆ. ಇಬ್ಬರ ಕೈಯಲ್ಲೂ ತಿಂಗಳ ರೈಲು ಪಾಸು, ಬೆನ್ನಿಗೊಂದು ಚೀಲ, ಯುರೋಪೆಲ್ಲ ತಮ್ಮದೇ ಎಂಬ ಹುರುಪು. ಮೊದಲ ಊರು ಲಿಯಾನ್. ಬಂದಿಳಿದ ಮರುದಿನವೇ ಫ್ರಾನ್ಸಿನ ರೈಲಿನವರು ಮುಷ್ಕರ ಹೂಡಿದರು. ಊರಿನ ಅತಿ ಅಗ್ಗದ ಪ್ರವಾಸಿ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಗಂಡು ಹೆಣ್ಣೆನ್ನದೆ ಎಂಟು ಮಂದಿ ಪರದೇಶಿಗಳು ಸಿಕ್ಕಿಬಿದ್ದರು.

ಅಲ್ಲಿಂದಲೇ ಸಿಮೋನಾ ಬದಲಾದಳು. ಕಣ್ಣು ಕೆಂಪು, ಮಾತಿಗೆ ಮುಂಚೆ ಸಿಡುಕು. ಡಾರಿಯೊನ ಕಣ್ಣೂ ಕೆಂಪು. ಅಡುಗೆಮನೆಯಲ್ಲಿ, ಹೊರಟುಹೋದವರು ಬಿಟ್ಟ ಪಾಸ್ತಾ, ಎಣ್ಣೆ ಇಡುವ ಕಪಾಟಿನ ಬಳಿ ಇಬ್ಬರೂ ಪಿಸುಗುಟ್ಟುವರು. ಮಾರೆಕ್ ಕಾಲಿಟ್ಟರೆ ಬಾಯಿಗೆ ಬೀಗ. ಉಳಿದವರೂ ಅವನನ್ನು ಕಂಡರೆ ಮುಖ ಮುಖ ನೋಡಿಕೊಳ್ಳುವರು. ಊರಿಗೆಲ್ಲ ಗೊತ್ತಿರುವುದು ಗಂಡನಿಗೆ ಕೊನೆಗೆ ತಿಳಿಯುತ್ತದಂತೆ.

ತಿಂಡಿಯ ಹೊತ್ತಿಗೆ ಡಾರಿಯೊ ಬ್ರೆಡ್ಡು ಮುರಿಯುತ್ತ ಕೇಳಿದ:

“ಚೆನ್ನಾಗಿ ನಿದ್ದೆ ಬಂತಾ?”

“ಬಹಳ ಚೆನ್ನಾಗಿ.”

“ನಿನ್ನ ಪುಣ್ಯ ಕಣಪ್ಪ.”

ಸಿಮೋನಾ ಕಾಫಿ ಬಟ್ಟಲಿನಲ್ಲಿ ಮುಖ ಮರೆಸಿಕೊಂಡಳು. ಅವಳು ನಗುತ್ತಿದ್ದಳು. ಮಾರೆಕ್ ಕಚ್ಚಿದ ಬ್ರೆಡ್ಡನ್ನು ತಟ್ಟೆಗೇ ಹಾಕಿದ.

ಸೆಪ್ಟೆಂಬರಿನಲ್ಲಿ ಬ್ರನೊಗೆ ಮರಳಿದ ಮೇಲೆ ಹುಡುಗರ ಹಾಸ್ಟೆಲ್ಲು, ಹುಡುಗಿಯರ ಹಾಸ್ಟೆಲ್ಲು ಎರಡನ್ನೂ ಬಿಟ್ಟು ಇಬ್ಬರೂ ಒಂದು ಕೋಣೆ ಬಾಡಿಗೆಗೆ ಹಿಡಿಯುವುದೆಂದು ಮಾತಾಗಿತ್ತು. ವರ್ಷದಿಂದ ಮಾರೆಕ್ ಕಂಡ ಕನಸು ಅದೊಂದೇ. ಡಾರಿಯೊ ಎದ್ದುಹೋದದ್ದೇ ತಡ, ಅದನ್ನೇ ಎತ್ತಿದ.

“ಒಂದೇ ಕೋಣೆ ಬೇಡ ಕಣೋ,” ಎಂದಳು ಸಿಮೋನಾ. “ನನ್ ಕೈಲಿ ಆಗಲ್ಲ. ಯಾಕೆ ಅಂತ ಮಾತ್ರ ಕೇಳ್ಬೇಡ, ನಿಂಗೆ ಬೇಜಾರಾಗುತ್ತೆ.”

ಕೇಳಲು ಇನ್ನೇನು ಉಳಿದಿತ್ತು?

ಗುಡಿಸಿ ಒರೆಸಲೆಂದು ಹಗಲೆಲ್ಲ ಕೋಣೆಗೆ ಬೀಗ ಜಡಿದು ಎಲ್ಲರನ್ನೂ ಹೊರಗಟ್ಟುವುದು ಆ ಹಾಸ್ಟೆಲ್ಲಿನ ಪದ್ಧತಿ. ದಿನವೂ ಆ ಹೊತ್ತಿಗೆ ಸಿಮೋನಾ ಒಬ್ಬಳೇ ಮ್ಯೂಸಿಯಂಗೆ ಹೊರಡುತ್ತಿದ್ದಳು, ವಿದ್ಯಾರ್ಥಿಗಳಿಗೆ ಪುಕ್ಕಟೆ ಎಂದು. ಇಂದೂ ಹೊರಟಳು. ಆದರೆ ಅವಳ ಕಂಕುಳಲ್ಲಿ ಸುತ್ತಿಟ್ಟ ಕಂಬಳಿಯೊಂದು ಇಣುಕುತ್ತಿತ್ತು. ಮ್ಯೂಸಿಯಂಗೆ ಕಂಬಳಿ ಯಾತಕ್ಕೆ? ಮಾರೆಕ್ ಚಪ್ಪಲಿಯನ್ನು ಅಂಗಿಯೊಳಗೆ ತುರುಕಿಕೊಂಡು ಹಿಂದೆಯೇ ಹೊರಟ.

ಅವಳು ಮ್ಯೂಸಿಯಂ ದಾಟಿದಳು. ತಿರುಗಿಯೂ ನೋಡಲಿಲ್ಲ. ಸೇತುವೆ ದಾಟಿ ನದಿ ದಂಡೆಯ ಉದ್ಯಾನ ಹೊಕ್ಕಳು. ಜನರ ನಡುವೆ ಅವನಿಗೆ ಅವಳು ತಪ್ಪಿಹೋದಳು. ಹುಡುಕಿ ಹುಡುಕಿ ಸಾಕಾದ ಮೇಲೆ, ಒಂದು ದೊಡ್ಡ ಮರದ ಬುಡದಲ್ಲಿ ಕಂಡಳು. ಕಂಬಳಿ ಹಾಸಿ ಮಲಗಿದ್ದಳು. ಗೇಣು ದೂರದಲ್ಲಿ ಡಾರಿಯೊ, ಅದೇ ಕಂಬಳಿಯ ಮೇಲೆ.

ಮಾರೆಕ್ ಚಪ್ಪಲಿಯನ್ನು ಇಬ್ಬರ ನಡುವೆ ಎಸೆದ.

“ಕೋಣೆ ಬೇಡ ಅಂದಿದ್ದು ಇದಕ್ಕೇನಾ? ಮುಗೀತು ಸಿಮೋನಾ. ರೈಲು ಓಡೋಕೆ ಶುರುವಾದ ತಕ್ಷಣ ನಾನು ಊರಿಗೆ ಹೋಗ್ತೀನಿ.”

ಅವಳು ಬೆಚ್ಚಿ ಎದ್ದು ಅವನ ಬಾಯಿ ಮುಚ್ಚಿದಳು.

“ಮೆಲ್ಲಗೆ ಮಾತಾಡೋ. ಪಾಪ, ಈಗಷ್ಟೇ ಮಲಗಿದ್ದಾರೆ.”

“ಯಾರು?”

ಅವಳು ಮರದ ಆಚೆ ಬದಿಗೆ ಕೈ ತೋರಿದಳು. ಡೆನ್ಮಾರ್ಕಿನ ಅಕ್ಕತಂಗಿಯರು, ಗಡ್ಡದ ಸ್ಕಾಟ್ಲೆಂಡಿನವನು, ಪೋಲೆಂಡಿನ ಇಬ್ಬರು ಗೆಳೆಯರು: ಕೋಣೆಗೆ ಕೋಣೆಯೇ ಹುಲ್ಲಿನ ಮೇಲೆ ಸಾಲಾಗಿ, ಮೈಮೇಲೆ ಎಚ್ಚರವಿಲ್ಲದೆ ನಿದ್ದೆ ಹೋಗಿತ್ತು.

ಡಾರಿಯೊ ಕಣ್ಣು ಬಿಡದೆಯೇ ಕೈ ಚಾಚಿ ತನ್ನ ಚಪ್ಪಲಿಯನ್ನು ಎಳೆದುಕೊಂಡ.

“ರಾತ್ರಿ ಗುರಿಯಿಟ್ಟೇ ಎಸೆದೆ ಮಾರಾಯ, ಆದ್ರೂ ನಿನ್ನ ಗೊರಕೆ ನಿಲ್ಲಲಿಲ್ಲ.”